ಒರೆಸಿ ನೋಡಿದೀಯೇನೋ?

ಬುಧವಾರ ಚಿಕ್ಕಪ್ಪ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಲಾರಿಯ ಡೀಸೆಲ್ ಪಂಪ್ ಇಳಿಸೋಕೆ ನಾನು ಬೋಲ್ಟಿಗೆ ಪಾನಾ ಹಾಕಿಯಾಗಿತ್ತು. ಅವರು ಕುಂಟುತ್ತಾ ಬಂದರು, ಬಗ್ಗಿ ನೋಡಿದರು, "ಒರೆಸಿ ನೋಡಿದೀಯೇನೋ?" ಅಂದರು. ಅಷ್ಟೇ. ನಾನು ಒರೆಸಿರಲಿಲ್ಲ. ಯಾರೂ ಒರೆಸಿರಲಿಲ್ಲ.

ಹತ್ತು ದಿನದಿಂದ ಗಾಡಿ ಕೆಳಗೆ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ಎದ್ದರೆ ಸ್ಟಾರ್ಟ್ ಆಗೋದಿಲ್ಲ. ಹ್ಯಾಂಡ್ ಪಂಪ್ ಒತ್ತಿ, ಪೈಪಿನಲ್ಲಿ ಸೇರಿದ ಏರ್ ತೆಗೆದರೆ ಮಾತ್ರ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಸಂಜೆವರೆಗೂ ಏನೂ ತಂಟೆಯಿಲ್ಲ. ನಮ್ಮ ಮೆಕ್ಯಾನಿಕ್ ಹುಡುಗ ಟಾರ್ಚ್ ಬಿಟ್ಟು ಅರ್ಧ ನಿಮಿಷ ನೋಡಿದ. "ಪಂಪ್ ಹೋಗಿದೆ ಅಣ್ಣ. ಹಳೇ ಗಾಡಿ ಅಲ್ವಾ, ಇಳಿಸಿ ಕೊಡಿ, ಸೀಲ್ ಕಿಟ್ ಹಾಕಿಸೋಣ" ಅಂದ. ಪಂಪಿನ ಮೈಯೆಲ್ಲ ಒದ್ದೆ, ತಳದ ಬೋಲ್ಟಿನ ತುದಿಯಲ್ಲಿ ಹನಿ ನೇತಾಡುತ್ತಿತ್ತು. ನಾನೂ ಹೂಂ ಅಂದೆ.

ಆ ಹುಡುಗನ ಬಗ್ಗೆ ಕೆಟ್ಟದ್ದು ಹೇಳಲಾರೆ. ಒಳ್ಳೆ ಕೆಲಸಗಾರ. ಕೈ ಚುರುಕು, ಕಣ್ಣಿಗೆ ಮಾತ್ರ ಅವಸರ. ಅವನ ಅನುಮಾನವೂ ಸುಮ್ನೆ ಹುಟ್ಟಿದ್ದಲ್ಲ. ಈಗ ಬರುವ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗ, ಇದ್ದರೆ ಹೆಚ್ಚು. ಗಂಧಕ ತೆಗೆಯುವಾಗ ಹಳೆಯ ಡೀಸೆಲ್‌ನಲ್ಲಿದ್ದ ಇನ್ನೂ ಕೆಲವು ಅಂಶ ಕಮ್ಮಿಯಾಗುತ್ತವೆ, ಅದನ್ನೇ ಕುಡಿದು ಉಬ್ಬಿಕೊಂಡಿದ್ದ ಹಳೆಯ ರಬ್ಬರ್ ಸೀಲುಗಳು ಕುಗ್ಗಿ ಸೋರೋಕೆ ಶುರುಮಾಡುತ್ತವೆ. ಹಾಗೆ ಸೋರಿದ ಪಂಪುಗಳು ಎಷ್ಟೋ ಇವೆ. ಆದರೆ ಪಂಪ್ ಇಳಿಸೋದು ಅಂದರೆ ಆಟವಲ್ಲ. ವಾಪಸ್ ಕೂರಿಸುವಾಗ ಡೀಸೆಲ್ ಚಿಮ್ಮುವ ಹೊತ್ತು ಹೊಂದಿಸುವ ಟೈಮಿಂಗ್ ಗುರುತು ಕೂಡಬೇಕು. ಒಂಚೂರು ಹಿಂದೆ ಮುಂದೆ ಆದರೂ ಹೊಗೆ, ಬಡಿತ, ಎಳೆತ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಪಾನಾ ಹಾಕಿದ್ದೆನಲ್ಲ!

ಚಿಕ್ಕಪ್ಪನ ಮಾತಿಗೆ ಪಾನಾ ಕೆಳಗಿಟ್ಟೆ. ಸೋಪು ನೀರು, ಬ್ರಷ್ಷು, ಬಟ್ಟೆ ತಂದೆ. ವರ್ಷಗಳ ಮಣ್ಣು, ಗ್ರೀಸು, ಡೀಸೆಲ್ ಸೇರಿ ಕಪ್ಪು ತೊಗಲಿನ ಹಾಗೆ ಗಟ್ಟಿಯಾಗಿತ್ತು. ಉಜ್ಜಿ ತೆಗೆಯೋಕೆ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಚಿಕ್ಕಪ್ಪ ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿದರು, ಬೆರಳಲ್ಲಿ ಉಜ್ಜಿದರು, ಮೂಸಿದರು. "ಆಯಿಲ್ ಏರಿಲ್ಲ, ಡೀಸೆಲ್ ವಾಸನೆ ಇಲ್ಲ. ಒಳಗಡೆ ಸೋರ್ತಿಲ್ಲ ಬಿಡು" ಅಂದರು. ಇದನ್ನು ನಾನು ಯೋಚನೆ ಕೂಡ ಮಾಡಿರಲಿಲ್ಲ. ಹೊರಗೆ ಬೀಳುವ ಹನಿಗಿಂತ ಒಳಗೆ ಬೀಳುವ ಹನಿ ಅಪಾಯ ಜಾಸ್ತಿ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಅಥವಾ ಪಂಪ್ ಶಾಫ್ಟಿನ ಸೀಲ್ ಹೋದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ನೀರಿನ ಹಾಗೆ ತೆಳುವಾಗುತ್ತದೆ, ಬೇರಿಂಗ್ ತಿನ್ನುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣಿಸೋದಿಲ್ಲ.

ಎಲ್ಲ ಒಣಗಿದ ಮೇಲೆ ಪಂಪು, ಪೈಪು, ಮೇಲಿರುವ ಫಿಲ್ಟರ್ ತಲೆ, ಎಲ್ಲದಕ್ಕೂ ಟಾಲ್ಕಂ ಪೌಡರ್ ಉದುರಿಸಿದೆವು. ಕಪ್ಪಗಿದ್ದದ್ದೆಲ್ಲ ಬೆಳ್ಳಗಾಯಿತು. ಗಾಡಿ ಸ್ಟಾರ್ಟ್ ಮಾಡಿ ನಿಂತೆವು. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ನ ಪೈಪಿನ ಜಾಯಿಂಟ್ ಮುಟ್ಟಿ ನೋಡೋಣ ಅಂತ ಕೈ ಚಾಚಿದೆ. ಚಿಕ್ಕಪ್ಪ ಪಟ್ಟಂತ ಕೈ ಸರಿಸಿದರು. "ಅಲ್ಲಿ ಬೆರಳು ಇಡಬೇಡ, ರಟ್ಟು ಹಿಡಿ!" ಅವರು ಗದರಿದ್ದು ಅದೊಂದೇ ಸಲ. ಹಳೆಯ ಎಂಜಿನ್ನಿನಲ್ಲೂ ನಾಜಲ್ ಬಾಯಿ ತೆರೆಯೋದು 200 ಬಾರ್ ಸುತ್ತಮುತ್ತಲಿನ ಒತ್ತಡಕ್ಕೆ. ಲಾರಿ ಟೈರಿನಲ್ಲಿ ಇರೋದೇ 8 ಬಾರ್. ಕಣ್ಣಿಗೆ ಕಾಣದ ಸೂಜಿ ಧಾರೆ ಚರ್ಮ ತೂರಿ ಒಳಗೆ ಹೋದರೆ ಗಾಯ ಚುಕ್ಕಿಯಷ್ಟೇ, ಆದರೆ ತಕ್ಷಣ ಆಪರೇಷನ್ ಮಾಡದಿದ್ದರೆ ಬೆರಳೇ ಹೋಗಬಹುದು. ದಯವಿಟ್ಟು ಯಾರೂ ಅಲ್ಲಿ ಕೈಯಿಂದ ತಡವಬೇಡಿ.

ಐದು ನಿಮಿಷ ಏನೂ ಇಲ್ಲ. ಎಂಟನೇ ನಿಮಿಷಕ್ಕೋ ಏನೋ, ಫಿಲ್ಟರ್ ತಲೆಯಲ್ಲಿ ಪಂಪಿಗೆ ಹೋಗುವ ಪೈಪನ್ನು ಬಿಗಿಯುವ ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹಾಯುವ ತೂತಿರುವ ಬೋಲ್ಟು) ಬುಡದಲ್ಲಿ ಪೌಡರ್ ಬೂದು ಬಣ್ಣಕ್ಕೆ ತಿರುಗಿತು. ಉಗುರಿನಷ್ಟು ಜಾಗ. ಆಮೇಲೆ ಪೈಪಿನ ಹೊಟ್ಟೆಯ ಕೆಳಗೆ ಸಣ್ಣ ಗೆರೆ ಎದ್ದಿತು. ಗೆರೆ ಇರುವೆ ಸಾಲಿನ ಹಾಗೆ ಮೆಲ್ಲಗೆ ಇಳಿಯಿತು. ಪಂಪಿನ ಮೈ ಮುಟ್ಟಿತು, ಬಳಸಿಕೊಂಡು ಹೋಯಿತು, ತಳದ ಅದೇ ಬೋಲ್ಟಿನ ತುದಿಗೆ ಬಂದು ಹನಿಯಾಗಿ ನಿಂತಿತು. ನಾವಿಬ್ಬರೂ ಮಾತಾಡಲಿಲ್ಲ. ಪಂಪ್ ಪಾಪ, ಯಾರದ್ದೋ ನೀರಿನಲ್ಲಿ ನೆನೆದು ನಿಂತಿತ್ತು.

ಬೋಲ್ಟ್ ಬಿಚ್ಚಿದಾಗ ಪೂರ್ತಿ ಅರ್ಥವಾಯಿತು. ಅಲ್ಲಿ ಎರಡು ತಾಮ್ರದ ವಾಷರ್ ಇರುತ್ತವೆ, ಪೈಪಿನ ಮೇಲೊಂದು, ಕೆಳಗೊಂದು. ಮೇಲಿನದು ಹೊಸದು. ಕೆಳಗಿನದು ಹಳೆಯದು, ಫಿಲ್ಟರ್ ತಲೆಗೆ ಅದೇ ಬಣ್ಣವಾಗಿ ಅಂಟಿಕೊಂಡಿತ್ತು. ಹೋದ ತಿಂಗಳು ಫಿಲ್ಟರ್ ಬದಲಾಯಿಸಿದವನು ನಾನೇ. ಆ ಹಳೆಯ ವಾಷರಿನ ಮೇಲೆ ಉಗುರು ಎಳೆದರೆ ಸಿಗುವ ಗೀರು ಅಡ್ಡಕ್ಕೆ ಇತ್ತು. ಎಂಜಿನ್ ಓಡುವಾಗ ಆ ಗೀರಿನಿಂದ ಡೀಸೆಲ್ ಹೊರಗೆ. ನಿಲ್ಲಿಸಿದರೆ ಅದೇ ದಾರಿಯಿಂದ ಗಾಳಿ ಒಳಗೆ, ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್. ಬೆಳಗಿನ ಏರ್ ಕಾಟವೂ ಅಲ್ಲಿಂದಲೇ. ಎರಡೂ ಹೊಸ ವಾಷರ್ ಹಾಕಿ, ಏರ್ ತೆಗೆದು, ಮತ್ತೆ ಪೌಡರ್ ಹಾಕಿದೆವು. ಅರ್ಧ ಗಂಟೆ ಆದರೂ ಬಿಳಿಯಾಗೇ ಇತ್ತು.

ಹುಡುಗನಿಗೆ ಕರೆದು ತೋರಿಸಿದೆ. "ಪಂಪ್ ಒದ್ದೆ ಇತ್ತಲ್ಲಣ್ಣ" ಅಂದ. ಇತ್ತು, ನಿಜ. ಅವನು ಸುಳ್ಳು ಹೇಳಿರಲಿಲ್ಲ.

ಅವತ್ತಿನಿಂದ ಇದೇ ತಲೆಯಲ್ಲಿ ಓಡುತ್ತಿದೆ. "ಹಳೇ ಗಾಡಿ ಅಲ್ವಾ" ಅನ್ನುವ ಮಾತು ನಮ್ಮ ಬಾಯಿಗೆ ಎಷ್ಟು ಬೇಗ ಬರುತ್ತದೆ! ಅದನ್ನು ಹೇಳಿಬಿಟ್ಟರೆ ಮುಂದೆ ಹುಡುಕುವ ಕೆಲಸವೇ ಇಲ್ಲ. ಚಿಕ್ಕಪ್ಪನ ಮೊಣಕಾಲಿಗೂ ಇದೇ ಆಯಿತು. ಆರು ತಿಂಗಳ ಹಿಂದೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಾಲು ಮುಟ್ಟಲಿಲ್ಲ, ಪ್ಯಾಂಟ್ ಮಡಚಿ ಅನ್ನಲಿಲ್ಲ, "ಎಪ್ಪತ್ತಾಯಿತಲ್ಲ ಯಜಮಾನ್ರೇ, ಇದೆಲ್ಲ ಸಹಜ" ಅಂತ ಮಾತ್ರೆ ಬರೆದರು. ಆಗಲೂ ನಾನು ಹೂಂ ಅಂದೆ. ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಏನೂ ಹೇಳದೆ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡರು. ಆ ಮಡಚಿದ ಚೀಟಿ ಈಗ ನೆನಪಾದರೆ ಹೊಟ್ಟೆ ಉರಿಯುತ್ತದೆ, ಡಾಕ್ಟರ ಮೇಲಲ್ಲ, ನನ್ನ ಮೇಲೆ.

ನಿನ್ನೆ ರಾತ್ರಿ ಅವರ ಪಕ್ಕ ಕೂತು ಕೇಳಿದೆ. "ಚಿಕ್ಕಪ್ಪ, ನೋವು ಸರಿಯಾಗಿ ಎಲ್ಲಿ ಶುರುವಾಗುತ್ತೆ? ತೋರಿಸಿ." ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮೊಣಕಾಲು ದಾಟಿ ಕೈ ಮೇಲಕ್ಕೆ ಹೋಯಿತು, ತೊಡೆಯ ಹಿಂಭಾಗ, ಇನ್ನೂ ಮೇಲೆ, ಸೊಂಟದ ಹತ್ತಿರ ನಿಂತಿತು.

"ಇಲ್ಲಿಂದ ಇಳಿಯುತ್ತೆ ಕಣೋ" ಅಂದರು.

ಸೋಮವಾರ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.