ಬೀಗದ ಕೈ ಯಾರ ಹತ್ತಿರ ಇತ್ತು?

ನಾನು ಬಿ.ಎಡ್. ಮಾಡಿದ್ದು ಹಾಸನದ ಒಂದು ಕಾಲೇಜಿನಲ್ಲಿ. ಹೆಸರು ಬೇಡ ಬಿಡಿ. 2015ರಿಂದ ಬಿ.ಎಡ್. ಎರಡು ವರ್ಷ ಆಯ್ತಲ್ಲ, ಹಾಗಾಗಿ ಇಬ್ಬರು ಪ್ರಿನ್ಸಿಪಾಲರನ್ನು ನೋಡುವ ಯೋಗ ನನಗೆ ಬಂತು.

ಮೊದಲನೇ ವರ್ಷ ಇದ್ದ ಸರ್ ತುಂಬಾ ಸ್ಟ್ರಿಕ್ಟ್. ಗೇಟಿನಲ್ಲಿ ರಿಜಿಸ್ಟರ್, ಕೊರಳಲ್ಲಿ ಐಡಿ ಕಾರ್ಡ್, ಸಂಜೆ ಆರಕ್ಕೆ ಲೇಡೀಸ್ ಹಾಸ್ಟೆಲ್ ಹಿಂಬಾಗಿಲಿಗೆ ಬೀಗ. ಬೀಗದ ಕೈಗಳೆಲ್ಲ ಅವರ ಡ್ರಾಯರಿನಲ್ಲಿ, ಡ್ರಾಯರಿನ ಕೀ ಅವರ ಜೇಬಿನಲ್ಲಿ. 'ಕಾಲೇಜು ಅಂದ್ರೆ ಹಿಂಗಿರಬೇಕು' ಅಂತ ನಮ್ಮಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಒಂದು ದಿನ ಸರ್ ಮೈಸೂರಿಗೆ ಹೋಗಿದ್ದರು. ರಾತ್ರಿ ಗೀಜರ್ ವೈರ್ ಸುಟ್ಟು ಹಾಸ್ಟೆಲ್ ತುಂಬಾ ಹೊಗೆ. ಹಿಂಬಾಗಿಲಿಗೆ ಓಡಿದೆವು, ಬೀಗ. ಆಚೆ ಕಡೆ ವಾಚ್‌ಮನ್ ಅಣ್ಣ ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ಇನ್ನೊಂದು ಕೈಯಲ್ಲಿ ಸರ್‌ಗೆ ಫೋನ್ ಮಾಡ್ತಾ ನಿಂತಿದ್ದರು, 'ಕೇಳದೆ ಒಡೆದ್ರೆ ಕೆಲಸ ಹೋಗುತ್ತೆ ಕಣಮ್ಮ' ಅಂತ! ಕೊನೆಗೆ ಅಡುಗೆ ಅಕ್ಕ ಮೇನ್ ಸ್ವಿಚ್ ಆಫ್ ಮಾಡಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಗೋಡೆಯಲ್ಲೇ ನೇತಾಡುತ್ತಿತ್ತು. ಮೊದಲು ಅದರ ಪಿನ್ ಎಳೀಬೇಕು ಅನ್ನೋದು ನಾಳೆ ಟೀಚರ್ ಆಗೋ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾಯಕತ್ವದ ಶೈಲಿ ಅಂತ ನಮಗೆ ಪಾಠವೇ ಇತ್ತು. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಗಮನಿಸಿ 1939ರಲ್ಲಿ ಬರೆದದ್ದು. ದರ್ಪದ ಲೀಡರ್ ಆಚೆ ಹೋದರೆ ಹುಡುಗರ ಕೆಲಸ ಬಿದ್ದುಹೋಗುತ್ತಿತ್ತು, ಎಲ್ಲರನ್ನೂ ಕೇಳಿ ನಡೆಸುವವರು ಹೋದರೂ ಕೆಲಸ ಸಾಗುತ್ತಿತ್ತು. ನಾನು ಸುಮ್ನೆ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ.

ಎರಡನೇ ವರ್ಷ ಬಂದ ಮೇಡಂ ಮೊದಲ ಮೀಟಿಂಗಿಗೇ ವಾಚ್‌ಮನ್ ಅಣ್ಣನನ್ನೂ ಅಡುಗೆ ಅಕ್ಕನನ್ನೂ ಕರೆದು ಕುರ್ಚಿ ಹಾಕಿಸಿದರು. ಅಣ್ಣ ಕೂರಲಿಲ್ಲ, ನಿಂತೇ ಮಾತಾಡಿದರು. ಬಸ್ ಹಿಡಿಯೋಕೆ ನಾವು ಕಾಂಪೌಂಡ್ ಒಡೆದ ಕಡೆ ದಾಟಿ ಹೋಗುತ್ತೇವೆ, ಅಲ್ಲಿ ಲೈಟ್ ಇಲ್ಲ, ಕತ್ತಲಾದ ಮೇಲೆ ಕುಡಿಯೋರು ಬಂದು ಕೂರುತ್ತಾರೆ, ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಂತೂ ಯಾರ್ಯಾರದೋ ಕಾರು ಗೇಟಿಗೆ ಅಡ್ಡ ನಿಂತು ಆಂಬುಲೆನ್ಸ್ ಬಂದರೂ ಒಳಗೆ ಬರೋ ಹಾಗಿರಲ್ಲ. ಎಷ್ಟೋ ವರ್ಷದಿಂದ ಅವರಿಗೆ ಇದೆಲ್ಲ ಗೊತ್ತಿತ್ತು. ಕೇಳಿದವರು ಯಾರು?

ತಿಂಗಳೊಳಗೆ ಅಲ್ಲೊಂದು ಲೈಟ್ ಬಂತು, ಸಣ್ಣ ಗೇಟ್ ಬಂತು. ಹಿಂಬಾಗಿಲ ಬೀಗ ಹೋಗಿ ಒಳಗಿನಿಂದ ಚಿಲಕ ಆಯ್ತು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾಯ್ದೆ ಪ್ರಕಾರ ಇರಲೇಬೇಕಾದ ಆಂತರಿಕ ದೂರು ಸಮಿತಿ ಅಲ್ಲೀವರೆಗೆ ಬರೀ ಬೋರ್ಡಿನಲ್ಲಿತ್ತು, ಅದರಲ್ಲಿ ಯಾರಿದ್ದಾರೆ ಅಂತ ನಮಗೆ ಗೊತ್ತಾಗಿದ್ದೂ ಆಗಲೇ.

ಮೇಡಂ ಮಾಡಿದ್ದೆಲ್ಲ ಸರಿ ಅಂತಲ್ಲ. ಗೇಟ್ ಮುಚ್ಚೋದು ಆರಕ್ಕೋ ಆರೂವರೆಗೋ ಅಂತ ಮೂರು ವಾರ ಮೀಟಿಂಗ್ ಮಾಡಿದರು, ತಲೆ ಚಿಟ್ಟು ಹಿಡಿದಿತ್ತು. ಆದರೆ ಫೈರ್ ಡ್ರಿಲ್ ದಿನ ಯಾರನ್ನೂ ಏನೂ ಕೇಳಲಿಲ್ಲ, ಶಿಳ್ಳೆ ಊದಿ ಎಲ್ಲರನ್ನೂ ಫೀಲ್ಡಿಗೆ ಓಡಿಸಿದರು. ಆ ಹೊತ್ತಿಗೆ ದರ್ಪವೇ ಬೇಕು, ಅಲ್ವಾ?

ಆಮೇಲೊಮ್ಮೆ ಮಾರ್ಕ್ಸ್ ಕಾರ್ಡ್ ತರೋಕೆ ಹೋಗಿದ್ದೆ. ಮೇಡಂ ಊರಲ್ಲಿರಲಿಲ್ಲ. ಎರಡು ವರ್ಷ ದಿನಾ ನೋಡಿದ್ದ ವಾಚ್‌ಮನ್ ಅಣ್ಣ ನಗ್ತಾ ಚೆನ್ನಾಗಿದ್ದೀಯೇನಮ್ಮ ಅಂದರು, ರಿಜಿಸ್ಟರ್ ಮುಂದಿಟ್ಟು ಸಹಿ ಹಾಕಿಸಿಕೊಂಡ ಮೇಲೇ ಒಳಗೆ ಬಿಟ್ಟರು.