ಉಗುರು ಎಣಿಸಿ ನಾಯಿ ಆರಿಸುವವರಿಗೆ

ನಮ್ಮ ಕಡೆ ನಾಯಿಮರಿ ಆರಿಸುವುದನ್ನು ನೋಡಿದರೆ ಸಂತೆಯಲ್ಲಿ ಎತ್ತಿನ ಸುಳಿ ನೋಡಿದ ಹಾಗೇ ಇರುತ್ತದೆ. ಮೊದಲು ಮರಿಯ ಕುತ್ತಿಗೆ ಚರ್ಮ ಹಿಡಿದು ಮೇಲಕ್ಕೆತ್ತುತ್ತಾರೆ. ಕುಂಯ್ ಅನ್ನದಿದ್ದರೆ ಧೈರ್ಯದ ಮರಿ. ಆಮೇಲೆ ಬಾಯಿ ಅಗಲಿಸಿ ಅಂಗುಳ ನೋಡುತ್ತಾರೆ. ಕಪ್ಪಗಿದ್ದರೆ ಜೋರು ನಾಯಿ, ಕಾವಲಿಗೆ ಒಳ್ಳೆಯದು. ಕೊನೆಗೆ ಉಗುರು ಎಣಿಕೆ. ಇಪ್ಪತ್ತು ಸಿಕ್ಕರೆ ಮಾಲೀಕನ ಮುಖವೇ ಬೇರೆ, ರೇಟೂ ಬೇರೆ.

ಸಾಮಾನ್ಯವಾಗಿ ನಾಯಿಗೆ 18 ಉಗುರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಸ್ವಲ್ಪ ಮೇಲಕ್ಕೆ ಒಂದೊಂದು ಹೆಚ್ಚಿನ ಉಗುರು ಬರುತ್ತದೆ, ವಂಶದಿಂದ ಬರುವಂಥದ್ದು. ಅದು ನೆಲ ಮುಟ್ಟುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ, ಕತ್ತರಿಸದೆ ಬಿಟ್ಟರೆ ಸುತ್ತಿಕೊಂಡು ವಾಪಸ್ ಮಾಂಸಕ್ಕೇ ಚುಚ್ಚುತ್ತದೆ. ಇಪ್ಪತ್ತು ಉಗುರಿನ ಮಹಿಮೆ ಇಷ್ಟೇ. ಅಂಗುಳದ ಕಪ್ಪು ಬರೀ ಚರ್ಮದ ಬಣ್ಣ. ಇನ್ನು ಎತ್ತಿ ಹಿಡಿದಾಗ ಸುಮ್ಮನಿರುವ ಮರಿ ಧೈರ್ಯದಿಂದಲೇ ಸುಮ್ಮನಿದೆ ಅಂತ ಯಾರು ಹೇಳಿದರು? ಹೆದರಿ ಮರಗಟ್ಟಿದ ಮರಿಯೂ ಸುಮ್ಮನೇ ಇರುತ್ತದೆ.

ಇದೆಲ್ಲ ಹಳ್ಳಿ ಮಂದಿಯ ನಂಬಿಕೆ ಅಂತ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದವರು ನಗಬೇಕಾಗಿಲ್ಲ. ಅವರು ಉಗುರು ಎಣಿಸುವುದಿಲ್ಲ, ಮೊಬೈಲಿನಲ್ಲಿ ತಳಿ ಹುಡುಕುತ್ತಾರೆ, ವ್ಯತ್ಯಾಸ ಅಷ್ಟೇ. ಲ್ಯಾಬ್ರಡಾರ್ ಅಂದರೆ ಸಾಧು. ರಾಟ್‌ವೀಲರ್ ಅಂದರೆ ರಾಕ್ಷಸ. ಪಗ್ ಅಂದರೆ ಆಟಿಕೆ. ಜರ್ಮನ್ ಶೆಫರ್ಡ್ ಅಂದರೆ ಹುಟ್ಟಾ ಪೊಲೀಸ್, ಅದರ ಮೂಲ ಕೆಲಸ ಕುರಿ ಕಾಯುವುದಾಗಿತ್ತು ಅಂದರೆ ನಂಬುವುದೇ ಇಲ್ಲ.

ನನ್ನ ತಕರಾರು ಇಷ್ಟು. ತಳಿ ಕೇಳಿದ ಕೂಡಲೇ ನಾವು ನಾಯಿಯ ಸ್ವಭಾವ ಹೇಳಿಬಿಡುತ್ತೇವೆ. ಅಲ್ಲಿ ತಳಿಯ ಸಾಕ್ಷಿ ಅಷ್ಟಕ್ಕಷ್ಟೇ. ನಾಯಿಯ ದೇಹದ ಬಗ್ಗೆ, ಅಂದರೆ ಅದಕ್ಕೆ ಎಷ್ಟು ಓಟ ಬೇಕು, ಎಷ್ಟು ಬಿಸಿಲು ತಡೆಯುತ್ತದೆ, ಯಾವ ರೋಗ ಬರಬಹುದು ಅನ್ನುವುದರ ಬಗ್ಗೆ ತಳಿ ಬಹಳಷ್ಟು ಹೇಳುತ್ತದೆ. ಅದನ್ನು ಕೇಳುವವರು ಮಾತ್ರ ಸಿಗುವುದಿಲ್ಲ.

ನಮ್ಮ ಮನೆಯ ಚಂದ್ರಿಯಿಂದಲೇ ಶುರು ಮಾಡುತ್ತೇನೆ. ಚಂದ್ರಿ ಮುಧೋಳ ನಾಯಿ. ಸಂಜೆ ಧಾರವಾಡದ ಕೆಲಗೇರಿ ಕೆರೆ ಏರಿ ಮೇಲೆ ಕರೆದುಕೊಂಡು ಹೋದರೆ ಯಾರಾದರೂ ಒಬ್ಬ ಹಿರಿಯರು ನಿಲ್ಲಿಸದೆ ಬಿಡುವುದಿಲ್ಲ.

"ಏನೋ ತಮ್ಮಾ, ನಾಯಿಗೆ ಉಪಾಸ ಕೆಡವೀ ಏನ?"

"ಇಲ್ರೀ ಕಾಕಾ, ಅದರ ಮೈಕಟ್ಟ ಹಂಗ ಐತ್ರಿ."

"ಎಂಥಾ ಮೈಕಟ್ಟೋ, ಎಲುಬು ಎಣಸಬಹುದು. ದಿನಾ ಎರಡು ರೊಟ್ಟಿಗೆ ತುಪ್ಪ ಹಚ್ಚಿ ಹಾಕು."

ಕಾಕಾರ ಕಕ್ಕುಲಾತಿ ದೊಡ್ಡದು, ಆದರೆ ಮುಧೋಳ ನಾಯಿ ಇರಬೇಕಾದ್ದೇ ಹಾಗೆ. ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಉದ್ದ ಕಾಲು, ಚರ್ಮದಡಿ ತೆಳ್ಳಗೆ ಕಾಣುವ ಒಂದೆರಡು ಪಕ್ಕೆಲುಬು. ಬಯಲಲ್ಲಿ ಮೊಲದ ಬೆನ್ನು ಹತ್ತಿ ಓಡಲು ಬೆಳೆಸಿದ ದೇಹ ಅದು. ತೂಕ ಸರಿ ಇದೆಯೋ ಇಲ್ಲವೋ ನೋಡಬೇಕಾದರೆ ಕಣ್ಣಿನಿಂದ ಅಳೆಯಬೇಡಿ, ಕೈ ಇಡಿ. ಬೆನ್ನ ಮೇಲೆ, ತೊಡೆಯ ಮೇಲೆ ಮಾಂಸಖಂಡ ಗಟ್ಟಿಯಾಗಿ ತುಂಬಿಕೊಂಡಿದ್ದರೆ ನಾಯಿ ಆರಾಮಾಗಿದೆ ಅಂತ ಅರ್ಥ. ಅದನ್ನು ಲ್ಯಾಬ್ರಡಾರ್ ಥರ ಗುಂಡಗೆ ಮಾಡಹೊರಟರೆ ಆ ತೆಳ್ಳನೆ ಕಾಲಿನ ಮೇಲೆ ಸುಮ್ನೆ ಭಾರ ಹೇರಿದಂತೆ.

ಎರಡನೇ ತಪ್ಪು ತಿಳುವಳಿಕೆ ಇನ್ನೂ ದೊಡ್ಡದು. ಸೈನ್ಯಕ್ಕೆ ತಗೊಂಡಿದ್ದಾರೆ ಅಂದಮೇಲೆ ಮನೆ ಕಾವಲಿಗೆ ಇದಕ್ಕಿಂತ ಬೇಕಾ ಅಂತ ಕೇಳುತ್ತಾರೆ. ಸೈನ್ಯ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡದ್ದು ನಿಜ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ದೇಸಿ ನಾಯಿ ಸಾಕಿ ಅಂದಾಗ ಮುಧೋಳದ ಹೆಸರನ್ನೂ ಹೇಳಿದರು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದರಂತೆ, 2005ರಲ್ಲಿ ಅಂಚೆ ಚೀಟಿಯೂ ಬಂತು. ಹೆಮ್ಮೆ ಪಡಬೇಕಾದ್ದೇ. ಹಾಗಂತ ಕಾಂಪೌಂಡಿನ ಮೂಲೆಗೆ ಚೈನು ಹಾಕಿ ಕಟ್ಟಿ ಕಳ್ಳರನ್ನು ಹಿಡಿ ಅಂದರೆ ಅದೇನು ಮಾಡಬೇಕು? ಅಪರಿಚಿತರ ಹತ್ತಿರ ಇದು ಸಲಿಗೆ ಬೆಳೆಸುವುದಿಲ್ಲ, ಸುಮ್ಮಸುಮ್ಮನೆ ಮುಟ್ಟಿಸಿಕೊಳ್ಳುವುದೂ ಇಲ್ಲ. ಅದನ್ನೇ ಮಂದಿ ಸಿಟ್ಟು ಅಂದುಕೊಳ್ಳುತ್ತಾರೆ.

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಕೆಲಗೇರಿ ಏರಿ ಮೇಲೆ ಚಂದ್ರಿ ನನ್ನ ಪಕ್ಕ ಸಪ್ಪಗೆ ನಡೆಯುತ್ತಿರುತ್ತಾಳೆ, ಪೇಪರ್ ಸುಟ್ಟ ವಾಸನೆ ಬರಲಿ, ಯಾರೋ ತಿಂದು ಎಸೆದ ಗಿರ್ಮಿಟ್ ಪೊಟ್ಟಣ ಇರಲಿ, ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೂರದಲ್ಲಿ ಒಂದು ಆಡಿನ ಮರಿ ಜಿಗಿಯಿತು ಅನ್ನಿ. ಕುತ್ತಿಗೆ ನೆಟ್ಟಗಾಗುತ್ತದೆ, ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಒಂದು ಮುಂಗಾಲು ಗಾಳಿಯಲ್ಲೇ ನಿಂತುಬಿಡುತ್ತದೆ, ನನ್ನ ಕೈಯಲ್ಲಿದ್ದ ಹಗ್ಗ ಬಿಗಿಯಾದದ್ದು ಗೊತ್ತಾಗುವಷ್ಟರಲ್ಲಿ ಭುಜ ಎಳೆದಿರುತ್ತದೆ. ಆ ಹೊತ್ತಿನಲ್ಲಿ ಹೆಸರು ಹಿಡಿದು ಕೂಗಿದರೂ ಅಷ್ಟೇ, ಕೂಗದಿದ್ದರೂ ಅಷ್ಟೇ. ಆದ್ದರಿಂದಲೇ ಬಯಲಲ್ಲಿ ಹಗ್ಗ ಬಿಚ್ಚಬೇಡಿ ಅಂತ ಹೊಸದಾಗಿ ತಂದವರಿಗೆಲ್ಲ ಹೇಳುತ್ತಿರುತ್ತೇನೆ, ಸುತ್ತ ಬೇಲಿ ಇರುವ ಹೊಲ ಸಿಕ್ಕರೆ ಮನಸಾರೆ ಓಡಿಸಿ. ಮುಧೋಳ ನಾಯಿಯೇ ಬೇಕು ಅನ್ನುವವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿಗೊಮ್ಮೆ ಹೋಗಿ ಬನ್ನಿ. ಸವದತ್ತಿ, ಯರಗಟ್ಟಿ, ಲೋಕಾಪುರ ದಾಟಿದರೆ ಬಂತು. ದೊಡ್ಡ ನಾಯಿ ಎಷ್ಟು ಓಡುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಎರಡು ರೂಮಿನ ಬಾಡಿಗೆ ಮನೆಗೆ ತರುವ ಯೋಚನೆ ತಾನಾಗಿಯೇ ಕಡಿಮೆ ಆಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕಥೆ ಪಗ್‌ನದು. 2003ರ ಆಸುಪಾಸಿನಲ್ಲಿ ಟಿವಿಯಲ್ಲಿ ಹಚ್ ಅನ್ನುವ ಮೊಬೈಲ್ ಕಂಪನಿ ಜಾಹೀರಾತು ಬಂದ ಮೇಲೆ ಇದಕ್ಕೆ ನಮ್ಮಲ್ಲಿ 'ಹಚ್ ನಾಯಿ' ಅಂತಲೇ ಹೆಸರು. ಸಣ್ಣ ನಾಯಿ, ಖರ್ಚು ಕಡಿಮೆ, ತೊಂದರೆ ಇಲ್ಲ ಅಂತ ತರುತ್ತಾರೆ. ಮಲಗಿದಾಗ ಗೊರಕೆ ಹೊಡೆಯುವುದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕುತ್ತಾರೆ. ಆ ಗೊರಕೆಯಲ್ಲಿ ಮುದ್ದು ಬರುವಂಥದ್ದು ಏನಿಲ್ಲರೀ. ಮುಖ ಚಪ್ಪಟೆ ಆಗಲಿ ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ್ದರಿಂದ ಮೂಗಿನ ಹೊಳ್ಳೆ ಕಿರಿದಾಗಿದೆ, ಬಾಯೊಳಗಿನ ಮೆತ್ತನೆ ಅಂಗುಳ ಉದ್ದವಾಗಿ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದರೆ? ಏಪ್ರಿಲ್ ತಿಂಗಳ ಮಧ್ಯಾಹ್ನ ಗೋಕುಲ ರೋಡಿನಲ್ಲಿ ನಮಗೇ ತಲೆ ತಿರುಗುತ್ತದೆ, ಅಂಥಾ ಹೊತ್ತಿನಲ್ಲಿ ಪಗ್ ಅನ್ನು ವಾಕಿಂಗ್ ಕರೆದೊಯ್ಯುವುದು ಅಪಾಯವೇ. ಗದಗಿನ ಬಿಸಿಲಂತೂ ಕೇಳಬೇಡಿ.

ಬಿಸಿಲಿನ ಮಾತು ಬಂತಲ್ಲ, ಹಸ್ಕಿ ಇಟ್ಟುಕೊಂಡವರಿಗೂ ಒಂದು ಮಾತು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ನಾಯಿ ಹುಬ್ಬಳ್ಳಿಯಲ್ಲಿ ಏನು ಮಾಡುತ್ತಿದೆ ಅಂತ ನಾನು ಕೇಳುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ. ತಂದಾಗಿದೆ, ಸರಿ. ಬೇಸಿಗೆ ಬಂತು ಅಂತ ಮೈಯೆಲ್ಲ ಬೋಳಿಸಬೇಡಿ. ಅದರ ಕೂದಲು ಎರಡು ಪದರದ್ದು. ಚಳಿ ತಡೆಯುವ ಪದರವೇ ಬಿಸಿಲನ್ನೂ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ವಾಪಸ್ ಸರಿಯಾಗಿ ಬರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಉದುರುವ ಒಳಕೂದಲನ್ನು ದಿನಾ ಬಾಚಿ ತೆಗೆಯಿರಿ, ನೆರಳು ಕೊಡಿ, ನೀರು ಕೊಡಿ. ಬಿಳಿ ಉಣ್ಣೆ ಉಂಡೆಯಂಥ 'ಪಾಮೇರಿಯನ್'ಗಳಿಗೂ ಇದೇ ಮಾತು. ಅಂದಹಾಗೆ ನಮ್ಮ ಓಣಿಗಳಲ್ಲಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಬೊಗಳುವ ಆ ಬಿಳಿ ನಾಯಿಗಳಲ್ಲಿ ಬಹಳಷ್ಟು ಪಾಮೇರಿಯನ್ ಅಲ್ಲವೇ ಅಲ್ಲ, ಇಂಡಿಯನ್ ಸ್ಪಿಟ್ಜ್. ಅಸಲಿ ಪಾಮೇರಿಯನ್ 3 ಕೆಜಿ ಆಸುಪಾಸು ಇರುತ್ತದೆ, ಅಂಗೈ ಮೇಲೆ ಕೂರಿಸುವಂಥದ್ದು. ಸ್ಪಿಟ್ಜ್ ನಮ್ಮ ಹವೆಗೆ ಎಷ್ಟೋ ಚೆನ್ನಾಗಿ ಹೊಂದಿಕೊಂಡಿದೆ, ಆದ್ದರಿಂದ ಬೇಜಾರು ಮಾಡಿಕೊಳ್ಳಬೇಡಿ.

ಲ್ಯಾಬ್ರಡಾರ್. ಇದು ಕಚ್ಚುವುದಿಲ್ಲ ಅಂತ ಮನೆಮಂದಿಯೆಲ್ಲ ಆಣೆ ಮಾಡುತ್ತಾರೆ. ಹಲ್ಲಿರುವ ನಾಯಿ ಎಲ್ಲವೂ ಕಚ್ಚುತ್ತವೆ. ಮೂರು ವರ್ಷದ ಮಗು ಹೋಗಿ ಊಟದ ತಟ್ಟೆಗೆ ಕೈ ಹಾಕಿ, ಕಿವಿ ಹಿಡಿದು ಎಳೆದು, ಮೇಲೆ ಕುಳಿತು ಕುದುರೆ ಆಟ ಆಡಿದರೆ ಎಷ್ಟು ಸಾಧು ನಾಯಿಯಾದರೂ ಒಂದು ದಿನ ಗುರ್ ಅನ್ನುತ್ತದೆ. ಆಗ ನಾಯಿಗೆ ಹೊಡೆಯುತ್ತಾರೆ. ಗುರ್ ಅನ್ನುವುದನ್ನೇ ಬಿಡಿಸಿದರೆ ಮುಂದಿನ ಸಲ ಹೇಳದೇ ಕಚ್ಚುತ್ತದೆ, ಅಷ್ಟೇ. ಇತ್ತ ಅದರ ದೇಹದ ವಿಷಯಕ್ಕೆ ಬಂದರೆ ಯಾರಿಗೂ ಗಮನವಿಲ್ಲ. ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿದ ಪ್ರಕಾರ ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಒಂದು ಜೀನಿನ ತುಂಡು ಇಲ್ಲ, ಅದರಿಂದ ಹಸಿವು ಜಾಸ್ತಿ, ತೂಕವೂ ಜಾಸ್ತಿ. ಅಂದರೆ ನೀವು ತಿನ್ನುವಾಗ ಅದು ನೋಡುವ ಆ ನೋಟ ಇದೆಯಲ್ಲ, ಮೂರು ದಿನದಿಂದ ಕೂಳಿಲ್ಲದ ಹಾಗೆ, ಅದನ್ನು ನಂಬಬೇಡಿ. ಧಾರವಾಡದ ಮನೆಗಳಲ್ಲಿ ಪೇಡೆ ಡಬ್ಬಿ ತೆಗೆದರೆ ನಾಯಿಗೊಂದು ಪಾಲು ಹೋಗಲೇಬೇಕು. ಪ್ರೀತಿಯಿಂದಲೇ ಕೊಡುತ್ತಾರೆ, ಐದಾರು ವರ್ಷಕ್ಕೆ ನಾಯಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಇನ್ನು ರಾಕ್ಷಸರ ಪಟ್ಟಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಪಿಟ್‌ಬುಲ್, ರಾಟ್‌ವೀಲರ್ ಎಲ್ಲ ಅದರಲ್ಲಿದ್ದವು. ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅಂತ ಅದನ್ನು ರದ್ದು ಮಾಡಿತು. ಆ ವಾರ ವಾಟ್ಸಾಪ್‌ನಲ್ಲಿ ಓಡಾಡಿದ ಬರಹಗಳು ಒಂದಾ ಎರಡಾ. ಪಿಟ್‌ಬುಲ್ ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ ಅನ್ನುವುದು ಅದರಲ್ಲೊಂದು. ಯಾವ ನಾಯಿಯ ದವಡೆಯಲ್ಲೂ ಅಂಥಾ ಬೀಗ ಇಲ್ಲ. ಬಿಡದೆ ಹಿಡಿಯುವ ಹಠ ಇದೆ, ಬಲವಾದ ಸ್ನಾಯು ಇದೆ. ಅದನ್ನು ನಾನೂ ಕಡೆಗಣಿಸುವುದಿಲ್ಲ. 40 ಕೆಜಿ ತೂಗುವ ನಾಯಿ ಕಚ್ಚುವುದಕ್ಕೂ ಸ್ಪಿಟ್ಜ್ ಕಚ್ಚುವುದಕ್ಕೂ ಅಜಗಜಾಂತರ. ಹಗಲೆಲ್ಲ ಗೂಡಿನಲ್ಲಿ ಕೂಡಿಹಾಕಿ, ಮಂದಿ ನೋಡಲು ಬಿಡದೆ, ಸಿಟ್ಟು ಬರಲಿ ಅಂತ ಹಸಿ ಮಾಂಸ, ಮೆಣಸಿನಪುಡಿ ಹಾಕಿ ಸಾಕುವವರ ಕೈಗೆ ಇಂಥಾ ನಾಯಿ ಸಿಗಬಾರದು. ಮೆಣಸಿನಪುಡಿಯಿಂದ ಹೊಟ್ಟೆ ಉರಿಯುತ್ತದೆ, ಕಾವಲು ಹೆಚ್ಚಾಗುವುದಿಲ್ಲ.

ಡಾಬರ್‌ಮನ್ ಬಗ್ಗೆ ಇನ್ನೊಂದು. ಅದರ ಮೆದುಳು ಬೆಳೆಯುತ್ತಲೇ ಹೋಗಿ ತಲೆಬುರುಡೆಯಲ್ಲಿ ಜಾಗ ಸಾಲದೆ ಹುಚ್ಚು ಹಿಡಿದು ಯಜಮಾನನನ್ನೇ ಕಚ್ಚುತ್ತದಂತೆ. ಶುದ್ಧ ಸುಳ್ಳು. ಡಾಬರ್‌ಮನ್‌ನಲ್ಲಿ ನಿಜವಾಗಿ ಕೆಡುವುದು ಹೃದಯ. ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುವ ಕಾಯಿಲೆ ಈ ತಳಿಯಲ್ಲಿ ಬಹಳ. ಇಲ್ಲದ ಮೆದುಳಿನ ರೋಗಕ್ಕೆ ಹೆದರುತ್ತೇವೆ, ಇರುವ ಹೃದಯದ ರೋಗಕ್ಕೆ ಒಂದು ಸಲವೂ ಡಾಕ್ಟರ ಹತ್ತಿರ ತೋರಿಸುವುದಿಲ್ಲ. ಮೇಲೆ ಹೇಳಿದ ತಕರಾರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ವಭಾವದಲ್ಲಿ ತಳಿಯ ಪಾಲು ಎಷ್ಟು ಅಂತ ಕೇಳುವವರಿಗೆ 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ ಒಂದು ಲೆಕ್ಕ ಕೊಟ್ಟಿದ್ದಾರೆ. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ಬಂದದ್ದು ಸುಮಾರು ಶೇಕಡಾ 9 ಮಾತ್ರ. ಹೇಳಿದ ಮಾತು ಕೇಳುವಂಥ ಕೆಲವು ಗುಣಗಳಲ್ಲಿ ತಳಿಯ ಪಾಲು ಸ್ವಲ್ಪ ಹೆಚ್ಚು, ಸಿಟ್ಟಿನ ವಿಷಯದಲ್ಲಿ ತಳಿ ನೋಡಿ ಹೇಳುವುದು ಕಷ್ಟ. ಉಳಿದದ್ದು ಆ ನಾಯಿ, ಅದರ ತಾಯಿ, ಮರಿಯಿದ್ದಾಗ ಕಂಡದ್ದು ಉಂಡದ್ದು, ನಿಮ್ಮ ಮನೆ. ಅದಕ್ಕೇ ಮರಿ ತರಲು ಹೋದಾಗ ತಾಯಿಯನ್ನು ತೋರಿಸಿ ಅಂತ ಕೇಳಿ. ಮಂದಿಯನ್ನು ಕಂಡು ಮೂಲೆ ಸೇರುವ ತಾಯಿಯ ಮರಿಯೂ ಅಂಜುಬುರುಕ ಆಗುವ ಸಾಧ್ಯತೆ ಜಾಸ್ತಿ. ತಾಯಿ ಇಲ್ಲಿಲ್ಲ ಸರ್, ಪೇಪರ್ ಇದೆ ಅಂದರೆ ಎದ್ದು ಬನ್ನಿ. ಆ ಪೇಪರ್ ಹೇಳುವುದು ವಂಶಾವಳಿ, ಆರೋಗ್ಯವನ್ನಲ್ಲ.

ಕೊನೆಗೆ ನಮ್ಮ ಜವಾರಿ ನಾಯಿ. ಕಂತ್ರಿ ನಾಯಿಗೆ ಯಾವ ರೋಗವೂ ತಾಗುವುದಿಲ್ಲ, ಇಂಜೆಕ್ಷನ್ ಯಾಕೆ ಅನ್ನುತ್ತಾರೆ. ಬಿಸಿಲು ತಡೆಯುತ್ತದೆ, ಚರ್ಮದ ತೊಂದರೆ ಕಡಿಮೆ, ನಿಜ. ಪಾರ್ವೋ, ಡಿಸ್ಟೆಂಪರ್‌ನಂಥ ವೈರಸ್ ರೋಗ ಬಂದರೆ ಜವಾರಿ ಮರಿಯೂ ಸಾಯುತ್ತದೆ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಎಷ್ಟು ಸತ್ತವು ಅಂತ ನಾವು ಎಣಿಸುವುದಿಲ್ಲ, ಬದುಕಿದ ಗಟ್ಟಿ ನಾಯಿಯನ್ನಷ್ಟೇ ನೋಡುತ್ತೇವೆ. ಇದರ ಇನ್ನೊಂದು ಮಗ್ಗುಲು ಇನ್ನೂ ಅಪಾಯದ್ದು. ನಮ್ಮದು ಜಾತಿ ನಾಯಿ, ಕಚ್ಚಿದರೂ ಏನಾಗುವುದಿಲ್ಲ ಅನ್ನುವವರನ್ನು ಓದಿದವರ ಮನೆಗಳಲ್ಲೇ ಕಂಡಿದ್ದೇನೆ. ರೇಬೀಸ್ ವೈರಸ್ ತಳಿ ಕೇಳುವುದಿಲ್ಲ. ಲಸಿಕೆ ಹಾಕಿಸದ ಲ್ಯಾಬ್ರಡಾರ್ ಗೇಟಿನಾಚೆ ಒಂದು ಜಗಳ ಮಾಡಿ ಬಂದರೆ ಸಾಕು. ಮರಿಗೆ ಮೂರು ತಿಂಗಳಾದಾಗ ರೇಬೀಸ್‌ನ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ. ಯಾವುದೇ ನಾಯಿ ಕಚ್ಚಲಿ, ಪರಚಲಿ, ಸುಣ್ಣ, ಅರಿಶಿನ, ಖಾರಪುಡಿ ಏನೂ ಮೆತ್ತಬೇಡಿ, ಅದು ಯಾರ ಮನೆ ನಾಯಿ ಅಂತ ವಿಚಾರಿಸುತ್ತಲೂ ನಿಲ್ಲಬೇಡಿ. ನಲ್ಲಿ ಬಿಟ್ಟು ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ.