ಕಂಪನಿಗೆ ಒಂದು ತಾರೀಖು ಇತ್ತು

ವನ್ಯಜೀವಿ ಸಪ್ತಾಹದ ಅಂಗವಾಗಿ ಅಕ್ಟೋಬರ್ ಮೊದಲ ವಾರದಲ್ಲಿ ಕಳಸದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿತು ಒಂದು ಉಪನ್ಯಾಸವಿತ್ತು. ಏರ್ಪಡಿಸಿದವರು ಊರಿನ ಕೆಲವು ಶಿಕ್ಷಕರು ಮತ್ತು ಬೆಳೆಗಾರರು. ಹಾರ-ತುರಾಯಿ, ಸನ್ಮಾನ, ಗಣ್ಯರ ಭಾಷಣ ಯಾವುದೂ ಇಲ್ಲ, ಉಪನ್ಯಾಸಕ್ಕೆ ಒಂದು ಗಂಟೆ, ಪ್ರಶ್ನೆಗಳಿಗೆ ಒಂದು ಗಂಟೆ ಎಂದು ಕರಪತ್ರದಲ್ಲಿಯೇ ಅಚ್ಚು ಹಾಕಿಸಿದ್ದರು. ನನ್ನನ್ನು ಅಲ್ಲಿಗೆ ಎಳೆದದ್ದು ಆ ಒಂದು ಸಾಲು ಎಂದೇ ಹೇಳಬೇಕು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ ಬಿದ್ದಿತ್ತು. ಒಳಗೆ ಅಡಿಕೆ, ಕಾಫಿ ಬೆಳೆಗಾರರು, ಪ್ರೌಢಶಾಲೆಯ ಮಕ್ಕಳು ಮತ್ತು ಉದ್ಯಾನದ ಒಳಗಿನ ಹಳ್ಳಿಗಳಿಂದ ಜೀಪು ಹಿಡಿದು ಬಂದ ಹತ್ತಾರು ಮಂದಿ ಕುಳಿತಿದ್ದರು.

ಉಪನ್ಯಾಸಕರು ಪಶ್ಚಿಮಘಟ್ಟದ ಹೊಳೆಗಳ ಮೇಲೆ ಬಹುಕಾಲ ಅಧ್ಯಯನ ಮಾಡಿದವರು. ಅವರು ಹುಲಿಯಿಂದ ಆರಂಭಿಸಲಿಲ್ಲ. ನೀರು ತುಂಬಿದ ಗಾಜಿನ ಬಾಟಲಿಯೊಂದಕ್ಕೆ ಒಂದು ಹಿಡಿ ಕೆಂಪು ಮಣ್ಣು ಹಾಕಿ, ಚೆನ್ನಾಗಿ ಕುಲುಕಿ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಮಾತು ಮುಂದುವರಿಸಿದರು. ದಪ್ಪ ಮರಳು ನೋಡನೋಡುತ್ತಿದ್ದಂತೆ ತಳ ಸೇರಿತು, ಅದರ ಮೇಲೆ ಸಣ್ಣ ಮರಳಿನ ಒಂದು ಪದರ ಕಟ್ಟಿತು. ಆದರೆ ಹಿಟ್ಟಿನಂತಹ ನುಣುಪು ಮಣ್ಣು ಮಾತ್ರ ನೀರಿನಲ್ಲೇ ತೇಲುತ್ತಾ, ಒಂದು ಗಂಟೆಯ ಬಳಿಕವೂ ಬಾಟಲಿಯ ಆಚೆಗಿದ್ದವರ ಅಂಗಿಯ ಬಣ್ಣ ಕಾಣದಷ್ಟು ಕದಡಿಕೊಂಡೇ ಇತ್ತು. ಗಣಿಗಾರಿಕೆಯ ವರ್ಷಗಳಲ್ಲಿ ಮಳೆಗಾಲದ ಭದ್ರೆ ಏಕೆ ಅಷ್ಟು ದೂರದವರೆಗೆ ಕೆಂಪಾಗಿ ಹರಿಯುತ್ತಿದ್ದಳು ಎಂಬುದನ್ನು ವಿವರಿಸಲು ಅವರಿಗೆ ಬೇರೆ ಚಿತ್ರಪಟ ಬೇಕಾಗಲಿಲ್ಲ.

ಗಣಿಯ ಕಥೆಯನ್ನು ಅವರು ಬುಡದಿಂದಲೇ ಹೇಳಿದರು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು ಇರಾನಿನ ಹಣದ ಭರವಸೆಯ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆಯ ಆಳ್ವಿಕೆಯೇ ಉರುಳಿದಾಗ ಅದಿರು ಕೊಳ್ಳಬೇಕಿದ್ದ ಇರಾನಿನವರು ಹಿಂದೆ ಸರಿದರು, ಗಣಿ ಮಾತ್ರ ನಮ್ಮ ಬೆಟ್ಟದಲ್ಲಿ ಉಳಿಯಿತು. ಟೆಹರಾನಿನ ಬೀದಿಯ ಗಲಾಟೆಗೂ ಮಲೆನಾಡಿನ ಒಂದು ಗುಡ್ಡಕ್ಕೂ ಇಂತಹ ನಂಟಿತ್ತು ಎಂಬುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಇಲ್ಲಿನ ಅದಿರು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್ ಆದ್ದರಿಂದ ಅದನ್ನು ಪುಡಿ ಮಾಡಿ, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನೊಂದಿಗೆ ಕಲಸಿ ಕೊಳವೆ ಮಾರ್ಗದಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಉಳಿದ ಹೂಳನ್ನೆಲ್ಲ ಭದ್ರೆಯ ಉಪಹೊಳೆಯಾದ ಲಕ್ಯಾಕ್ಕೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ತುಂಬಿಸಿದರು. ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗಗಳಿರುವ ಸೀಮೆಯಲ್ಲಿ ಗುಡ್ಡದ ಹುಲ್ಲುಹೊದಿಕೆ ಕಿತ್ತ ಮೇಲೆ ಮಣ್ಣು ನಿಲ್ಲುವುದಾದರೂ ಹೇಗೆ?

1969ರಲ್ಲಿ ಕೊಟ್ಟ 30 ವರ್ಷಗಳ ಗಣಿ ಗುತ್ತಿಗೆ 1999ಕ್ಕೆ ಮುಗಿಯಿತು. ಅಷ್ಟರಲ್ಲಿ, 1987ರಲ್ಲಿ, ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಅಧಿಸೂಚನೆ ಹೊರಟಿತ್ತು. ಗುತ್ತಿಗೆ ಮುಂದುವರಿಸಬಾರದೆಂದು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರ್‌ನಲ್ಲಿ ಬಂದ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು. ಈ ಭಾಗವನ್ನು ಹೇಳುವಾಗ ಉಪನ್ಯಾಸಕರ ದನಿಯಲ್ಲಿ ಸಹಜವಾದ ಒಂದು ಹೆಮ್ಮೆ ಇತ್ತು, ನನಗೂ ಅದು ತಪ್ಪೆನಿಸಲಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಸಾಲಿನಲ್ಲಿ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗಾವಲು. ನಾವು ಬೋಳುಗುಡ್ಡವೆಂದು ಉದಾಸೀನದಿಂದ ಕರೆಯುವ ಆ ಹುಲ್ಲಿನ ಬೇರುಗಳೇ ಮಳೆಯನ್ನು ತಡೆದು ಒಳಗಿಳಿಸುತ್ತವೆ ಎಂಬ ವಿವರಣೆ, ನೆಲಕ್ಕಿಳಿಯಲು ಹಿಂಜರಿಯುವ ಸಿಂಗಳೀಕಕ್ಕೆ ಮರದ ನೆತ್ತಿಗಳ ನಂಟು ಕಡಿಯಬಾರದೇಕೆ ಎಂಬ ಮಾತು, ಕಾಟಿ-ಕಡವೆಗಳ ಚಿತ್ರಗಳು, 2012ರಲ್ಲಿ ಪಶ್ಚಿಮಘಟ್ಟಕ್ಕೆ ಸಂದ ವಿಶ್ವ ಪರಂಪರೆಯ ಮಾನ್ಯತೆ ಇವೆಲ್ಲ ಚುರುಕಾಗಿ ಬಂದುಹೋದವು.

ಪ್ರಶ್ನೆಗಳ ಗಂಟೆಯಲ್ಲಿ ಮೊದಲು ಎದ್ದವರು ಉದ್ಯಾನದ ಒಳಗಿನ ಹಳ್ಳಿಯ ಒಬ್ಬ ಹೆಂಗಸು. ಐವತ್ತರ ಆಸುಪಾಸಿನವರು, ಮೈಕು ಕೈಗೆತ್ತಿಕೊಳ್ಳಲಿಲ್ಲ. "ಸರ್, ಕಂಪನಿಗೆ ಇಂಥ ತಾರೀಖಿಗೆ ಮುಚ್ಚಿ ಅಂತ ಕೋರ್ಟು ಹೇಳ್ತು, ಅವರು ಮುಚ್ಚಿ ಹೋದರು. ನಮಗೆ ಮಾತ್ರ ಹೋಗಿ ಅಂತಲೂ ಇಲ್ಲ, ಇರಿ ಅಂತಲೂ ಇಲ್ಲ. ನಮ್ಮ ತಾರೀಖು ಯಾವುದು?" ಎಂದು ಕೇಳಿದರು. ತಾವು ಉದ್ಯಾನದ ಹೊರಗೆ ಪುನರ್ವಸತಿಗೆ ಒಪ್ಪಿ ಅರ್ಜಿ ಕೊಟ್ಟಾಗ ಮದುವೆಯಾಗದಿದ್ದ ಮಗಳಿಗೆ ಈಗ ಶಾಲೆಗೆ ಹೋಗುವ ಮಗುವಿದೆ ಎಂದೂ ಸೇರಿಸಿದರು. ಹೋಗಬೇಕಾದ ಜಾಗವೆಂದು ಮನೆಗೆ ಹೊಸ ಮಾಡು ಹೊದಿಸಿಲ್ಲ, ಹಳೆಯ ಅಡಿಕೆ ಮರಗಳ ಜಾಗದಲ್ಲಿ ಹೊಸ ಸಸಿ ನೆಟ್ಟಿಲ್ಲ, ವಿದ್ಯುತ್ ಕಂಬ ಬಂದಿಲ್ಲ. ಹಳ್ಳದ ನೀರಿಗೆ ಕೂರಿಸಿದ ಸಣ್ಣ ಡೈನಮೊದಿಂದ ಮಳೆಗಾಲದಲ್ಲಿ ದೀಪ ಉರಿಯುತ್ತದೆ, ಬೇಸಿಗೆಯಲ್ಲಿ ಹಳ್ಳ ಸಣ್ಣಗಾದರೆ ಅದೂ ಇಲ್ಲ.

ಉಪನ್ಯಾಸಕರು ತೇಲಿಸಿ ಉತ್ತರಿಸಲಿಲ್ಲ ಎಂಬುದು ಅವರ ದೊಡ್ಡತನ. ಕಾನೂನಿನ ಕ್ರಮವನ್ನು ಬಿಡಿಸಿ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಉದ್ದೇಶದ ಅಧಿಸೂಚನೆ, ಅನಂತರ ಒಳಗಿರುವವರ ಹಕ್ಕುಗಳ ವಿಚಾರಣೆ ಮತ್ತು ಇತ್ಯರ್ಥ, ಕೊನೆಗೆ ಅಂತಿಮ ಅಧಿಸೂಚನೆ. ಅದರ ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತು. ಮಲೆಕುಡಿಯರಂತಹ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ನೆಲೆಸಿದ್ದರೆ ಅವರ ಹಕ್ಕನ್ನು ಮಾನ್ಯ ಮಾಡಬೇಕು, ಇತರ ಪಾರಂಪರಿಕ ಅರಣ್ಯವಾಸಿಗಳಾದರೆ 75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ನಮ್ಮಜ್ಜ ಕಟ್ಟಿದ ಕಟ್ಟೆ ಇದೆ, ಕಾಗದ ಇಲ್ಲ. ಕಟ್ಟೆಯನ್ನು ಜೆರಾಕ್ಸ್ ಮಾಡಿಸೋಕಾಗ್ತದಾ?" ಎಂದರು. ಸಭೆ ನಕ್ಕಿತು, ಅವರು ನಗಲಿಲ್ಲ.

ಅಲ್ಲಿ ಕುಳಿತಿದ್ದಾಗ ನನಗೆ ಹೊಳೆದದ್ದನ್ನು ನೇರವಾಗಿಯೇ ಹೇಳುತ್ತೇನೆ. ಗಣಿ ನಿಂತದ್ದನ್ನೂ ಜನರ ಸ್ಥಳಾಂತರವನ್ನೂ 'ಉದ್ಯಾನದ ರಕ್ಷಣೆ' ಎಂಬ ಒಂದೇ ತಲೆಬರಹದ ಕೆಳಗೆ ತರುವುದು ನಮಗೆಲ್ಲ ರೂಢಿಯಾಗಿದೆ, ಆದರೆ ಎರಡೂ ನಡೆದ ರೀತಿ ಒಂದೇ ಅಲ್ಲ. ಗಣಿಯ ವಿಷಯದಲ್ಲಿ ಸಾಕ್ಷ್ಯ, ವಾದ-ಪ್ರತಿವಾದ, ಮೂರು ವರ್ಷಗಳ ಕಾಲಾವಕಾಶ, ಕೊನೆಗೊಂದು ಗಡುವು ಎಲ್ಲವೂ ಇದ್ದವು. ಬೆಟ್ಟವನ್ನು ಅಗೆದ ಕಂಪನಿಗೆ ಸಿಕ್ಕ ಆ ಗೌರವ ಬೆಟ್ಟದಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆಗಳಿಗೆ ಸಿಗಲಿಲ್ಲ. ಸ್ವಯಂಪ್ರೇರಿತ ಪುನರ್ವಸತಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ ಹತ್ತಿರವಿರಬೇಕೆಂದು ಮನಸಾರೆ ಹೊರಬಂದು ನೆಮ್ಮದಿಯಾಗಿರುವ ಕುಟುಂಬಗಳನ್ನು ನಾನೇ ಬಲ್ಲೆ. ಆದರೆ ಹೋಗಲು ಒಪ್ಪಿದವರನ್ನು ಕಾಯಿಸುವುದು, ಇರಲು ಬಯಸಿದವರಿಗೆ ಕಾಲುಸಂಕವನ್ನೂ ಕೊಡದಿರುವುದು, ಇವೆರಡರಿಂದ ಕಾಡಿಗೆ ಆಗುವ ಲಾಭವೇನು ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ಬೇಸರಗೊಂಡ ಮನುಷ್ಯ ಕಾಳ್ಗಿಚ್ಚು ಕಂಡಾಗ ಸೊಪ್ಪು ಹಿಡಿದು ಓಡಿಬರುವುದಿಲ್ಲ ಎಂಬುದಂತೂ ಅರಣ್ಯದ ಕಾವಲುಗಾರರೇ ಒಪ್ಪುವ ಮಾತು.

ಮುಂದಿನ ಪ್ರಶ್ನೆಗಳು ಚಾರಣಿಗರ ದಟ್ಟಣೆ, ಪ್ಲಾಸ್ಟಿಕ್, ತೋಟಕ್ಕೆ ನುಗ್ಗುವ ಕಾಟಿಗಳತ್ತ ತಿರುಗಿದವು. ಯುವಕನೊಬ್ಬ ಲಕ್ಯಾದ ಹೂಳನ್ನು ಮುಂದೇನು ಮಾಡುತ್ತಾರೆಂದು ಕೇಳಿದ. ಅದನ್ನು ಕೆದಕದೆ ಹಸಿರು ಹೊದಿಸುವುದೇ ಸರಿಯೆಂದು ಉಪನ್ಯಾಸಕರು ತಮ್ಮ ಅಭಿಪ್ರಾಯ ಹೇಳಿ, ಅಣೆಕಟ್ಟಿನ ಮೇಲ್ವಿಚಾರಣೆ ಗಣಿ ಮುಚ್ಚಿದೊಡನೆ ಮುಗಿಯುವ ಕೆಲಸವಲ್ಲವೆಂದು ಒತ್ತಿ ಹೇಳಿದರು. ಚಹಾದ ಹೊತ್ತಿಗೆ ಗೋಡೆಗೆ ತೂಗುಹಾಕಿದ್ದ ಉದ್ಯಾನದ ನಕ್ಷೆಯ ಮುಂದೆ ಗುಂಪು ಕೂಡಿತ್ತು. ಜೆರಾಕ್ಸ್ ಮಾತಿನ ಹಿರಿಯರು ತಮ್ಮ ಕಣಿವೆಯಲ್ಲಿ ಹೆಸರೇ ಇಲ್ಲದ ಖಾಲಿ ಹಸಿರು ಬಣ್ಣವನ್ನು ನೋಡಿ, ಮಕ್ಕಳಿಂದ ಪೆನ್ಸಿಲು ಪಡೆದು, ಹಳ್ಳ, ಗದ್ದೆಬಯಲು, ಭೂತದ ಬನ, ಕಾಲುದಾರಿಗಳನ್ನು ಒಂದೊಂದಾಗಿ ಗುರುತಿಸತೊಡಗಿದರು. ಎರಡು ಕಡೆ ಅವರಿಗೂ ಆ ಹೆಂಗಸಿಗೂ ಜಾಗದ ಬಗ್ಗೆ ಜೋರು ವಾದವೇ ನಡೆಯಿತು. ಉಪನ್ಯಾಸಕರು ನಕ್ಷೆಯನ್ನು ಕಳಸದಲ್ಲಿಯೇ ಬಿಟ್ಟುಹೋಗಲು ಒಪ್ಪಿದರು. ಪ್ರತಿ ಹಳ್ಳಿಯಿಂದ ಇಬ್ಬರಂತೆ ಬಂದು ಅದನ್ನು ಪೂರ್ತಿ ಮಾಡುವುದೆಂದೂ, ಮುಂದಿನ ಸಭೆಗೆ ಕಂದಾಯ ಮತ್ತು ಅರಣ್ಯ ಎರಡೂ ಇಲಾಖೆಯವರನ್ನು ಕರೆದು ಅರ್ಜಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದೆಂದೂ ಅಲ್ಲಿಯೇ ತೀರ್ಮಾನವಾಯಿತು. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.